ಚಿಕ್ಕಮುನಿಯಪ್ಪನ ಕುಂಬಳಕಾಯಿ, ದುರ್ಗವ್ವನ ಕಾರು

ಹೂಡಿಯ ಆ ಗಾಜಿನ ಕಟ್ಟಡಕ್ಕೆ ದುರ್ಗವ್ವ ಎರಡು ಸಲ ಕೆಲಸಕ್ಕೆ ಬಂದವಳು. ಮೊದಲ ಸಲ ಬಂದಾಗ ಅಲ್ಲಿ ಗಾಜೂ ಇರಲಿಲ್ಲ, ಕಟ್ಟಡವೂ ಇರಲಿಲ್ಲ, ಒಂದು ದೊಡ್ಡ ಗುಂಡಿ ಇತ್ತು. ಸುರಪುರದ ಕಡೆಯಿಂದ ಗಂಡ ಮರೆಪ್ಪನ ಜೊತೆ ಬಂದು, ಗುಂಡಿಯ ಪಕ್ಕ ತಗಡಿನ ಶೆಡ್ಡಿನಲ್ಲಿ ಇದ್ದುಕೊಂಡು, ತಲೆ ಮೇಲೆ ಕಾಂಕ್ರೀಟು ಹೊತ್ತಳು. ಆಗ ಒಳಗೆ ಹೋಗಲು ಯಾರೂ ಏನೂ ಕೇಳುತ್ತಿರಲಿಲ್ಲ. ಎರಡನೇ ಸಲ ಹೌಸ್‌ಕೀಪಿಂಗ್ ಕೆಲಸಕ್ಕೆ ಬಂದಾಗ ಕೊರಳಿಗೆ ಕಾರ್ಡು ನೇತು ಹಾಕಿಕೊಂಡು, ಬರುವಾಗೊಮ್ಮೆ ಹೋಗುವಾಗೊಮ್ಮೆ ಚೀಲ ಬಿಚ್ಚಿ ತೋರಿಸಬೇಕಾಯಿತು. ತಾನೇ ಹೊತ್ತು ಹಾಕಿದ ಕಾಂಕ್ರೀಟನ್ನು ತಾನೇ ಕದ್ದುಕೊಂಡು ಹೋಗಿಬಿಟ್ಟರೆ ಹೇಗೆ.

ಮರೆಪ್ಪ ಕಟ್ಟಡ ಏಳುವಷ್ಟರಲ್ಲಿ ನೀರಿನ ಟ್ಯಾಂಕರಿನವರ ಹಿಂದೆ ಬಿದ್ದು ಗಾಡಿ ಓಡಿಸುವುದು ಕಲಿತಿದ್ದ. ಕಟ್ಟಡ ಮುಗಿದ ಮೇಲೆ ಊರಿಗೆ ಹೋಗಲಿಲ್ಲ. ಯಾರು ಯಾರದೋ ಕ್ಯಾಬು ಓಡಿಸಿದ. ಆಮೇಲೆ ಮಹದೇವಪುರದವರೊಬ್ಬರು ಓಡಿಸಿ ಓಡಿಸಿ ಬೇಸತ್ತಿದ್ದ ಬಿಳಿ ಕಾರೊಂದನ್ನು ಕೊಂಡ. ಹಳದಿ ಬೋರ್ಡು ಹಾಕಿಸಿದ. ಅದೇ ಗಾಜಿನ ಕಟ್ಟಡದ ಒಂದು ಕಂಪನಿಗೆ ಗಾಡಿ ಅಟ್ಯಾಚ್ ಆಯಿತು. ಸಂಜೆ ಶಿಫ್ಟಿನ ಹುಡುಗಿಯರನ್ನು ಮನೆಗೆ ಬಿಡುವ ಕೆಲಸ. ಮೇಲೆ ಹೆಂಡತಿ ನೆಲ ಒರೆಸುತ್ತಿದ್ದರೆ ಕೆಳಗೆ ಬೇಸ್‌ಮೆಂಟಿನಲ್ಲಿ ಗಂಡ ಕಾರು ಒರೆಸುತ್ತಿದ್ದ. ಅದೂ ಅವಳ ಸೀರೆಯಲ್ಲಿ. ಹಳೆಯದು ಸಿಗದಿದ್ದರೆ ಹೊಸದನ್ನು ಬೇಗ ಹಳೆಯದು ಮಾಡು ಅನ್ನುತ್ತಿದ್ದ.

"ಮಕ್ಕಳಿಲ್ಲ, ಕಾರೇ ಮಗ ಇದ್ದಂಗ," ಅಂತ ನೋಡಿದವರು ಅನ್ನೋರು.

"ಮಗ ಅಲ್ರಿ, ಸವತಿ," ಅನ್ನೋಳು ದುರ್ಗವ್ವ.

ಹೋದ ವರ್ಷ ದಸರೆ ಕಳೆದ ಮೇಲೆ ಮರೆಪ್ಪ ಅದೇ ಕಾರಿನಲ್ಲಿ, ಅದೇ ಬೇಸ್‌ಮೆಂಟಿನಲ್ಲಿ, ಇಳಿಜಾರು ಮುಗಿಯುವ ಕಡೆ ಇರುವ ಕಂಬದ ಪಕ್ಕ ಸೀಟು ಹಿಂದಕ್ಕೆ ಒರಗಿಸಿಕೊಂಡು ಹುಡುಗಿಯರಿಗೆ ಕಾಯುತ್ತಾ ಸತ್ತುಹೋದ. ಎದೆ ನಿಂತಿತು ಅಂದರು ಡಾಕ್ಟರು. ಆ ಕಂಬದ ಪಕ್ಕ ಗಾಡಿ ನಿಲ್ಲಿಸಬಾರದು ಅಂತ ನಿಯಮ. ಪಾರ್ಕಿಂಗಿನ ಗಾರ್ಡು ಬಂದು ಗಾಜು ತಟ್ಟಿದ, "ಇಲ್ಲಿ ನಿಲ್ಲಿಸಂಗಿಲ್ಲ, ತೆಗೀರಿ" ಅಂದ. ಮಲಗಿದ್ದಾನೆ ಅಂದುಕೊಂಡು ಟೀ ಕುಡಿಯಲು ಹೋದ. ತಿರುಗಿ ಬಂದು ಮತ್ತೆ ತಟ್ಟಿದ. ಆಮೇಲೆ ಸಿಟ್ಟು ಬಂದು ಚಕ್ರಕ್ಕೆ ಬೀಗ ಹಾಕಿದ. ಸತ್ತವನು ಗಾಡಿ ತೆಗೆದುಕೊಂಡು ಓಡಿಹೋಗಬಾರದಲ್ಲ.

ದುರ್ಗವ್ವನನ್ನು ಮೇಲಿಂದ ಕರೆಸಿದರು. ಹೆಣ ಆಂಬುಲೆನ್ಸಿನಲ್ಲಿ ಹೋಯಿತು. ಕಾರು ಹೋಗಲಿಲ್ಲ, ಅದರ ಕಾಲಿಗೆ ಬೀಗ ಇತ್ತು. ದಂಡ ಕಟ್ಟಿದರೆ ಬೀಗ ತೆಗೆಯುತ್ತೇವೆ ಅಂದರು. ಮೂರು ದಿನದ ಕಾರ್ಯ ಮುಗಿಸಿ ಬಂದು ದುರ್ಗವ್ವ ದಂಡ ಕಟ್ಟಿದಳು. ರಸೀದಿ ಕೊಟ್ಟರು. ವ್ಯವಹಾರ ಅಂದರೆ ವ್ಯವಹಾರ.

ಆ ಪಾರ್ಕಿಂಗಿನ ಗುತ್ತಿಗೆ ಹಿಡಿದವನು ಚಿಕ್ಕಮುನಿಯಪ್ಪ. ಹೂಡಿಯ ಮೂಲದವನು. ಕಟ್ಟಡ ನಿಂತಿರುವ ನೆಲದಲ್ಲಿ ಒಂದಷ್ಟು ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲ. ಈಗ ಅಲ್ಲಿ ಕಾರು ಬೆಳೆಯುತ್ತವೆ, ಫಸಲು ಇವನದು. ಮನೆಯ ಹಿಂದೆ ಸಾಲಾಗಿ ಬಾಡಿಗೆ ರೂಮು ಕಟ್ಟಿಸಿದ್ದಾನೆ. ಕೊನೆಯ ರೂಮು ದುರ್ಗವ್ವನದು. ಹಾಗಾಗಿ ಅವಳು ಬದುಕಿದ್ದಕ್ಕೆ ಬಾಡಿಗೆ ಕೊಡುವುದೂ ಇವನಿಗೆ, ಗಂಡ ಸತ್ತಿದ್ದಕ್ಕೆ ದಂಡ ಕಟ್ಟಿದ್ದೂ ಇವನಿಗೆ. ಒಂದೇ ಕಡೆ ಆದರೆ ಓಡಾಟ ಕಮ್ಮಿ.

ಕಾರನ್ನು ಈಗ ಮೈದುನ ಬಸಲಿಂಗ ಓಡಿಸುತ್ತಿದ್ದ. ಮಾರಿಬಿಡು ಅಂತ ಹೇಳದವರಿಲ್ಲ. ಹೆಣ ಕೂತ ಗಾಡಿ ಅನ್ನೋರು. ದುರ್ಗವ್ವ ಮಾರಲಿಲ್ಲ. ಯಾಕೆ ಅಂದರೆ ಹೊಟ್ಟೆಪಾಡು ಅನ್ನುತ್ತಿದ್ದಳು, ಅದು ನಿಜವೇ. ಬಸಲಿಂಗ ಇಲ್ಲದಾಗ ಹೋಗಿ ಹಿಂದಿನ ಸೀಟಿನಲ್ಲಿ ಕೂತು, ಮುಂದಿನ ಸೀಟಿನ ಬೆನ್ನು ನೋಡುತ್ತಿರುತ್ತಿದ್ದಳು. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಈ ವರ್ಷ ಆಯುಧಪೂಜೆ ಬಂತು. ಪಾರ್ಕಿಂಗಿನಲ್ಲಿ ಹೆಣ ಬಿದ್ದ ಮೇಲೆ ಮೊದಲನೇ ಆಯುಧಪೂಜೆ. ಚಿಕ್ಕಮುನಿಯಪ್ಪ ಪ್ರತಿ ವರ್ಷ ಗೇಟಿನ ಹತ್ತಿರ ಒಂದು ಸಾಧಾರಣ ಬೂದುಗುಂಬಳ ಒಡೆಸಿ ಕೈ ತೊಳೆದುಕೊಳ್ಳುತ್ತಿದ್ದವನು, ಈ ಸಲ ಯಾರನ್ನೋ ಕೇಳಿದ. ಅವರು ಸಾವಾದ ಜಾಗದಲ್ಲೇ ಒಡೀಬೇಕು ಅಂದರಂತೆ. ಅವನು ತಂದ ಕಾಯಿಯನ್ನು ಇಬ್ಬರು ಎತ್ತಿಕೊಂಡು ಬಂದರು. ಅಂಥ ಕಾಯಿ ಬೆಳೆದವನಿಗೆ ಸರ್ಕಾರ ಏನಾದರೂ ಕೊಡಬೇಕು.

ಇಳಿಜಾರು ಮುಗಿಯುವಲ್ಲಿ, ಮರೆಪ್ಪನ ಕಂಬದ ಪಕ್ಕ ರಂಗೋಲಿ ಹಾಕಿದರು. ದುರ್ಗವ್ವನ ಡ್ಯೂಟಿ ಅವತ್ತು ಬೇಸ್‌ಮೆಂಟಿನಲ್ಲೇ. ಮಾಪು, ಬಕೆಟ್ಟು ಹಿಡಿದು ನಿಂತಿದ್ದಳು. ರೇಷ್ಮೆ ಪಂಚೆ ಉಟ್ಟ ಚಿಕ್ಕಮುನಿಯಪ್ಪ ಅವಳನ್ನು ನೋಡಿ ಕೈ ಎತ್ತಿದ.

"ಏಯ್ ದುರ್ಗವ್ವ, ಇತ್ಲಾಗೆ ಬರಬ್ಯಾಡ ಕಣಮ್ಮ ಇವತ್ತು. ತಪ್ಪು ತಿಳ್ಕಬ್ಯಾಡ. ಅಂಗೇ ಆ ಲಿಫ್ಟ್ ತಾವ ನಿಂತ್ಕ."

"ಆತ್ರಿ. ಕಾಯಿ ಒಡದ ಮ್ಯಾಲ ಕರೀರಿ, ಬಂದು ಒರಸ್ತೀನಿ."

"ಒರೆಸೋದಾ? ನೀನು ಮುಟ್ಟಬ್ಯಾಡ. ನೀನಲ್ಲ, ಯಾರೂ ಮುಟ್ಟಬಾರ್ದು. ನಾಳೆ ಒತ್ತು ಉಟ್ಟೋ ತಂಕ ಅಂಗೇ ಬಿದ್ದಿರ್ಬೇಕು. ಆಗ್ಲೇ ದೃಷ್ಟಿ ಇಳಿಯೋದು."

"ಗಾಡಿ ಇಳೀತಾವಲ್ರಿ ಇಲ್ಲಿ."

"ಗಾಡಿಗೋಸ್ಕರಾನೇ ಅಲ್ವೇನಮ್ಮ ಒಡೀತಿರೋದು?"

ದುರ್ಗವ್ವ ಲಿಫ್ಟಿನ ಹತ್ತಿರ ಹೋಗಿ ನಿಂತಳು. ಕಾಯಿ ಒಡೆಯಿತು. ತಿರುಳು, ಬೀಜ, ನೀರು, ಕುಂಕುಮ, ನಯವಾದ ನೆಲದ ತುಂಬ ಹರಡಿತು. ಎಲ್ಲರಿಗೂ ಮಂಡಕ್ಕಿ ಬೆಲ್ಲ ಹಂಚಿದರು. ದುರ್ಗವ್ವನಿಗೂ ಕೊಟ್ಟರು. ಮಂಡಕ್ಕಿಗೆ ಮೈಲಿಗೆ ಇಲ್ಲ, ಅದನ್ನು ಅವಳು ಲಿಫ್ಟಿನ ಹತ್ತಿರ ನಿಂತೇ ತಿನ್ನಬಹುದು.

ಅತ್ತ ಗೇಟಿನ ಬಳಿ ಕ್ಯಾಬುಗಳ ಪೂಜೆ ಮುಗಿದಿತ್ತು. ಬಸಲಿಂಗ ಕಾರಿಗೆ ಚೆಂಡುಹೂವಿನ ಹಾರ ಹಾಕಿ, ಮುಂದೆ ಬಾಳೆಗಿಡ ಕಟ್ಟಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಚಚ್ಚಿ, ಅರಿಶಿನ ಕುಂಕುಮ ಬಳಿದು ಮದುಮಗನ ಹಾಗೆ ಇಳಿಸಿಕೊಂಡು ಬಂದ. ಮುಂದಿನ ಚಕ್ರ ಕುಂಬಳದ ಮೇಲೆ ಬಂತು. ಬ್ರೇಕು ಒತ್ತಿದ. ಕಾರು ನಿಲ್ಲುವ ಬದಲು ತೇಲಿತು. ನೆಟ್ಟಗೆ ಹೋಗಿ ಕಂಬಕ್ಕೆ ಕೊಟ್ಟಿತು.

ಅಷ್ಟು ಉದ್ದದ ಬೇಸ್‌ಮೆಂಟಿನಲ್ಲಿ ಅದಕ್ಕೆ ಬೇರೆ ಕಂಬ ಸಿಗಲಿಲ್ಲ.

ಬಾನೆಟ್ಟು ಮಡಚಿಕೊಂಡಿತು. ದೀಪದ ಒಂದು ಕಣ್ಣು ಹೋಯಿತು. ಕೆಳಗೆ ನೀರು ಸುರಿಯಿತು. ಬಸಲಿಂಗನ ತುಟಿ ಒಡೆದಿತ್ತು, ಬೇರೆ ಏನೂ ಆಗಿರಲಿಲ್ಲ. ಹಾರದ ಒಂದು ಹೂವೂ ಉದುರಿರಲಿಲ್ಲ. ಪೂಜೆ ಮಾಡಿದ್ದು ಅಷ್ಟು ಗಟ್ಟಿ.

ದುರ್ಗವ್ವ ಓಡಿ ಬಂದು ಮೈದುನನನ್ನು ಹೊರಗೆ ಎಳೆದಳು. ಸೆರಗಿನಿಂದ ಅವನ ತುಟಿ ಒತ್ತಿ ಹಿಡಿದು ತಲೆ ಎತ್ತಿದರೆ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಕುಂಬಳಕಾಯಿಯನ್ನು ಒಬ್ಬನೂ ನೋಡುತ್ತಿರಲಿಲ್ಲ.

"ನಾನ್ ಮೊದ್ಲೇ ಅಂದೆ, ದೂರ ಇರು ಅಂತ," ಅಂದ ಚಿಕ್ಕಮುನಿಯಪ್ಪ. "ಲಿಫ್ಟ್ ತಾವ ನಿಂತ್ರೂ ಇಷ್ಟು. ಅತ್ರ ಬಂದಿದ್ರೆ ಇವನು ಉಳೀತಿದ್ನಾ?"

ಕಾರನ್ನು ತಳ್ಳಿಕೊಂಡು ಹೋಗಿ ಮೂಲೆಗೆ ಹಾಕಿದರು. ವಿಷಯ ಇಷ್ಟೇ. ಮರೆಪ್ಪ ಕಟ್ಟುತ್ತಿದ್ದ ವಿಮೆ ಎದುರಿನವರ ಗಾಡಿಗೆ ಕೊಡುವಂಥದ್ದು, ತನ್ನದಕ್ಕೆ ಬರುವಂಥದ್ದಲ್ಲ. ಎದುರಿನವರು ಇಲ್ಲಿ ಕಂಬ. ಕಂಪನಿಗೆ ಗಾಡಿ ಕೊಡುವ ಏಜೆಂಟು, ದೀಪಾವಳಿಯೊಳಗೆ ಕಾರು ರಸ್ತೆಗೆ ಬರದಿದ್ದರೆ ಬೇರೆ ಗಾಡಿ ಹಾಕುತ್ತೇನೆ ಅಂದ. ಎರಡು ದಿನ ಬಿಟ್ಟು ಬಸಲಿಂಗ ಮಾತು ತೆಗೆದ.

"ವೈನಿ, ಗುಜರಿಯವಂಗ ಕೊಟ್ಟುಬಿಡೂನು. ನಾ ಬೈಕ್ ಟ್ಯಾಕ್ಸಿ ಓಡಸ್ತೀನಿ."

"ನಿಮ್ಮಣ್ಣ ಕುಂತಿದ್ದ ಸೀಟೂ ಗುಜರಿಗೇನು?"

"ಮತ್ತ ರಿಪೇರಿ ಯಾರು ಮಾಡಸ್ತಾರ?"

"ಯಾರ ಕುಂಬಳಕಾಯಿ ಅದು, ಅವ್ರು ಮಾಡಸ್ತಾರ."

ಬಸಲಿಂಗ ನಕ್ಕ. ಹೊಲಿಗೆ ಹಾಕಿದ್ದ ತುಟಿ, ನಗಬಾರದಿತ್ತು.

ಕಟ್ಟಡದ ಫೆಸಿಲಿಟಿ ಆಫೀಸಿನಲ್ಲಿ ಪ್ರಿಯಾಂಕಾ ಅನ್ನುವ ಹುಡುಗಿ ಮ್ಯಾನೇಜರು. ಒಳ್ಳೆಯ ಹುಡುಗಿ. ದುರ್ಗವ್ವನನ್ನು ಕುರ್ಚಿಯ ಮೇಲೆ ಕೂರಿಸಿದಳು. ದಿನಾ ಒರೆಸುವ ಕುರ್ಚಿ, ಕೂತಿದ್ದು ಅವತ್ತೇ.

"ಆಂಟಿ, ಫಸ್ಟ್ ಆಫ್ ಆಲ್, ನಂಗೆ ತುಂಬಾ ಬೇಜಾರಾಯ್ತು," ಅಂದಳು. "ಮೇಲೆ ಬೋರ್ಡ್ ಇದೆ, ಪಾರ್ಕಿಂಗ್ ಗಾಡಿ ಮಾಲೀಕರದ್ದೇ ರಿಸ್ಕ್ ಅಂತ. ಆದ್ರೂ ನಾವು ಹಾಗೆಲ್ಲ ಕೈ ಬಿಡಲ್ಲ. ಕ್ಯಾಮೆರಾ ನೋಡಿದೀವಿ. ನೆಲ ಸ್ಲಿಪ್ಪರಿ ಇತ್ತು, ಒಪ್ಕೋತೀವಿ. ನಿಮಗೆ ಪರಿಹಾರ ಸಿಗುತ್ತೆ."

ದುರ್ಗವ್ವನಿಗೆ ಕಣ್ಣು ತುಂಬಿ ಬಂತು. ಇಷ್ಟು ಸುಲಭ ಅಂತ ಗೊತ್ತಿದ್ದರೆ ಬಸಲಿಂಗನನ್ನೂ ಕರೆದುಕೊಂಡು ಬರುತ್ತಿದ್ದಳು.

"ಯಾರು ಕೊಡ್ತಾರ್ರಿ ಮೇಡಂ?"

"ನೆಲ ಯಾರ ಜವಾಬ್ದಾರಿ? ಹೌಸ್‌ಕೀಪಿಂಗ್. ಸೋ, ಅವರ ಬಿಲ್ಲಲ್ಲಿ ಹಿಡೀತೀವಿ."

"ಅವ್ರು?"

"ಅವರು, ಆ ಟೈಮಲ್ಲಿ ಡ್ಯೂಟಿಯಲ್ಲಿ ಯಾರಿದ್ರೋ ಅವರ ಸಂಬಳದಲ್ಲಿ ಹಿಡ್ಕೋತಾರೆ. ಸ್ವಲ್ಪ ಸ್ವಲ್ಪನೇ."

"ಡ್ಯೂಟಿಯಾಗ ನಾನ ಇದ್ದೆ."

ಪ್ರಿಯಾಂಕಾ ಕಂಪ್ಯೂಟರ್ ನೋಡಿದಳು. ದುರ್ಗವ್ವನ ಕೊರಳಿನ ಕಾರ್ಡು ನೋಡಿದಳು. ಮತ್ತೆ ಕಂಪ್ಯೂಟರ್ ನೋಡಿದಳು.

"ಅಂದ್ರ ನನಗ ನಾನ ಕೊಡಬೇಕ್ರಿ," ಅಂದಳು ದುರ್ಗವ್ವ. "ಅದಕ್ಕ ಇಷ್ಟು ಮಂದಿ ಯಾಕ ನಡುವ?"

"ಪ್ರೊಸೆಸ್ ಹಾಗಿದೆ ಆಂಟಿ. ಫೀಲ್ ಮಾಡ್ಕೋಬೇಡಿ."

"ನನಗ ಒರಸಬ್ಯಾಡ ಅಂದಾರ್ರಿ. ಚಿಕ್ಕಮುನಿಯಪ್ಪನವರು. ಮುಟ್ಟಬ್ಯಾಡ ಅಂದಾರ."

ಪ್ರಿಯಾಂಕಾ ಕ್ಯಾಮೆರಾ ಚಿತ್ರ ಹಾಕಿ ತೋರಿಸಿದಳು. ಮಾಪು ಹಿಡಿದು ದುರ್ಗವ್ವ ನಿಂತಿದ್ದಾಳೆ. ಚಿಕ್ಕಮುನಿಯಪ್ಪ ಕೈ ಎತ್ತುತ್ತಾನೆ. ಮಾತು ಕೇಳಿಸುವುದಿಲ್ಲ, ಆ ಕ್ಯಾಮೆರಾಕ್ಕೆ ಕಣ್ಣು ಕೊಟ್ಟವರು ಕಿವಿ ಕೊಟ್ಟಿಲ್ಲ. ರೇಷ್ಮೆ ಪಂಚೆ, ಎತ್ತಿದ ಕೈ, ತಲೆ ಬಗ್ಗಿಸಿ ಹೋಗುವ ಹೆಂಗಸು.

"ಇದ್ರಲ್ಲಿ ಆಶೀರ್ವಾದ ಮಾಡ್ತಿರೋ ಹಾಗೆ ಕಾಣುತ್ತೆ ಆಂಟಿ," ಅಂದಳು ಪ್ರಿಯಾಂಕಾ, ನಿಜವಾಗಿ ಬೇಜಾರಿನಿಂದ. "ಕೈಯಲ್ಲಿ ಮಾಪ್ ಇದೆ, ನೀವು ಒರೆಸಿಲ್ಲ. ರಿಪೋರ್ಟಲ್ಲಿ ಅಷ್ಟೇ ಬರೋದು. ಅವರೇ ಬಂದು ನಾನ್ ಹೇಳ್ದೆ ಅಂದ್ರೆ ಬೇರೆ ಮಾತು."

ಹಾಗಾಗಿ ಚಿಕ್ಕಮುನಿಯಪ್ಪನ ಬಾಯಿಂದ ಆ ಮಾತು ಬರಬೇಕಾಯಿತು. ಕಾಯಿ ತನ್ನದು, ಒರೆಸಬೇಡ ಅಂದವನೂ ತಾನು. ಅವನ ಬಾಯಲ್ಲಿ ಅದು ಬಂದರೆ ಕಾರು ರಿಪೇರಿ, ಬಾರದಿದ್ದರೆ ಗುಜರಿ. ಮೇಲೆ ಅವಳ ಸಂಬಳಕ್ಕೆ ಕತ್ತರಿ.

ಅವತ್ತೇ ಸಂಜೆ ಅವನ ಮನೆಗೆ ಹೋದಳು. ಅವನು ಕಲ್ಲುಬೆಂಚಿನ ಮೇಲೆ ಕೂತಿದ್ದ. ಹೆಂಡತಿ ಭಾಗ್ಯಮ್ಮ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಅವನು ಕೆಟ್ಟವನಂತೇನೂ ಮಾತಾಡಲಿಲ್ಲ.

"ನೋಡಮ್ಮ, ನಂಗೂ ಕರುಳೈತೆ. ಗಂಡ ಇಲ್ದೋಳು ನೀನು. ಏನೋ ಒಸಿ ಸಹಾಯ ಅಂತ ಕೊಡ್ತೀನಿ, ಇಸ್ಕ. ಆದ್ರೆ ಕುಂಬಳಕಾಯಿಗೆ ಅಂತ ಕೊಡಕ್ಕಾಗಲ್ಲ."

"ಕುಂಬಳಕಾಯಿ ಮ್ಯಾಲೇ ಜಾರ್ಯಾದಲ್ರಿ."

"ಜಾರಿರ್ಬೋದು. ಅದುಕ್ಕೆ ಅಂತ ಕೊಟ್ರೆ ನನ್ ಪೂಜೆ ಕೆಟ್ಟೋಯ್ತು ಅಂತ ಆಯ್ತದೆ. ಕಾಡುಗೋಡಿ ಮೆಟ್ರೋ ತಾವ ಇನ್ನೊಂದು ಪಾರ್ಕಿಂಗ್ ಮಾತಾಡಿವ್ನಿ. ಇವನ್ ದೃಷ್ಟಿಕಾಯಿ ಒಡೆದ್ರೆ ಗಾಡಿ ಒಡೀತವೆ ಅಂತ ನಾಲ್ಕು ಜನ ಅಂದ್ರೆ ಯಾರ್ ಕೊಡ್ತಾರೆ ಗುತ್ತಿಗೆ? ನೀನು ಬಂದು ನಿಂತಿದ್ದೆ, ಅದುಕ್ಕೆ ಆಯ್ತು. ಅಂಗಂತ ಇರ್ಲಿ. ನಿಂಗೆ ದುಡ್ಡು, ನಂಗೆ ಮರ್ವಾದೆ."

"ಧರ್ಮ ಬ್ಯಾಡ್ರಿ ನನಗ," ಅಂದಳು ದುರ್ಗವ್ವ. "ದಂಡ ಕೊಡ್ರಿ. ನನ್ನ ಗಂಡ ಸತ್ತ ದಿನ ನಾ ನಿಮಗ ಧರ್ಮ ಕೊಟ್ಟಿಲ್ಲ. ದಂಡ ಕೊಟ್ಟೀನಿ."

ಭಾಗ್ಯಮ್ಮನ ಕೈಯಲ್ಲಿ ಅವರೆಕಾಯಿ ನಿಂತಿತು. ಚಿಕ್ಕಮುನಿಯಪ್ಪ ಫೋನು ಬಂದವನ ಹಾಗೆ ಎದ್ದು ಒಳಗೆ ಹೋದ. ಫೋನು ಬೆಂಚಿನ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ದುರ್ಗವ್ವ ಮತ್ತೆ ಹೋದಳು. ಮನಸ್ಸಿನಲ್ಲಿ ಉಪಾಯ ಗಿಪಾಯ ಏನೂ ಇರಲಿಲ್ಲ. ಮಧ್ಯಾಹ್ನದ ಶಿಫ್ಟು, ಬೆಳಿಗ್ಗೆ ಬಿಡುವಿತ್ತು, ಅಷ್ಟೇ. ಅವನು ಬಿಳಿ ಅಂಗಿ ಹಾಕಿ, ಹಣೆಗೆ ಗಂಧ ಇಟ್ಟು, ಫೈಲು ಹಿಡಿದು ಗೇಟು ದಾಟಲು ಬಂದ. ಎದುರಿಗೆ ಬೋಳು ಹಣೆಯ, ಬೋಳು ಕೈಯ ದುರ್ಗವ್ವ.

ಅವನ ಕಾಲು ನಿಂತಿತು.

"ಒಳ್ಳೆ ಕೆಲ್ಸುಕ್ಕೆ ಒಂಟಿದ್ನಲ್ಲಮ್ಮ. ಇಂಗೆ ಎದುರು ಬರೋದಾ?"

"ಕಾರಿಂದು ಕೇಳಾಕ ಬಂದೀನ್ರಿ."

ಅವನು ತಿರುಗಿ ಒಳಗೆ ಹೋದ, ಚಪ್ಪಲಿ ಬಿಟ್ಟ, ಕೂತ, ನೀರು ಕುಡಿದ. ಅಪಶಕುನ ಆದರೆ ಹಾಗೆ ಮಾಡಬೇಕು, ಆಮೇಲೆ ಹೊರಡಬಹುದು. ಸ್ವಲ್ಪ ಹೊತ್ತಿಗೆ ಮತ್ತೆ ಬಂದ. ದುರ್ಗವ್ವ ಅಲ್ಲೇ ಇದ್ದಳು. ಕೇಳಿದ್ದಕ್ಕೆ ಅವನು ಇನ್ನೂ ಉತ್ತರ ಕೊಟ್ಟಿರಲಿಲ್ಲವಲ್ಲ. ಅವನು ಮತ್ತೆ ಒಳಗೆ ಹೋದ, ಮತ್ತೆ ನೀರು ಕುಡಿದ.

ಮೂರನೇ ಲೋಟಕ್ಕೆ ದುರ್ಗವ್ವನಿಗೆ ವಿಷಯ ತಿಳಿಯಿತು. ಹೂಡಿಯಲ್ಲಿ ಚಿಕ್ಕಮುನಿಯಪ್ಪನನ್ನು ತಡೆದು ನಿಲ್ಲಿಸಿದವರಿಲ್ಲ. ಪೊಲೀಸರು ಸಲಾಮು ಹೊಡೆಯುತ್ತಾರೆ, ಕಾರ್ಪೊರೇಷನ್‌ನವರು ಕಾಫಿ ಕುಡಿದು ಹೋಗುತ್ತಾರೆ. ಅವನನ್ನು ತಡೆಯುವ ಶಕ್ತಿ ದೇವರು ಇಟ್ಟಿರುವುದು ತನ್ನ ಹಣೆಯಲ್ಲಿ ಮಾತ್ರ. ಹೋದ ವರ್ಷದವರೆಗೆ ಇರಲಿಲ್ಲ. ಗಂಡನನ್ನು ಕೊಟ್ಟು ಪಡೆದದ್ದು.

ಅವಳು ದಿನಾ ಬೆಳಿಗ್ಗೆ ಅಲ್ಲಿ ನಿಲ್ಲತೊಡಗಿದಳು. ಕೂಗಲಿಲ್ಲ, ಬೈಯಲಿಲ್ಲ. ಕಸಬರಿಗೆ ಹಿಡಿದು ಗೇಟಿನ ಮುಂದೆ ಗುಡಿಸಿದಳು. ಬಾಡಿಗೆದಾರಳು ಗೇಟಿನ ಮುಂದೆ ಗುಡಿಸಿದರೆ ಯಾರಾದರೂ ಏನನ್ನುತ್ತಾರೆ, ಒಳ್ಳೆಯ ಹೆಂಗಸು ಅನ್ನುತ್ತಾರೆ.

ಚಿಕ್ಕಮುನಿಯಪ್ಪ ಹಿಂದಿನ ದಾರಿಯಿಂದ ಹೋಗಬಹುದಿತ್ತು. ಆದರೆ ಹಿಂದೆ ಜಾಗ ಇಲ್ಲ. ಅಂಗೈಯಗಲ ನೆಲ ಬಿಡದೆ ರೂಮು ಕಟ್ಟಿಸಿದ್ದ. ಉಳಿದಿದ್ದು ಒಂದೇ ಓಣಿ, ಅದು ಹೋಗುವುದು ದುರ್ಗವ್ವನ ರೂಮಿನ ಬಾಗಿಲ ಮುಂದೆ. ಒಂದು ದಿನ ಆ ಕಡೆಯಿಂದಲೂ ನೋಡಿದ. ಅವಳು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

"ಊಟ ಆತ್ರಿ?" ಅಂದಳು.

ಅವನು ತಿರುಗಿ ಹೋದ.

"ರೂಮ್ ಖಾಲಿ ಮಾಡು," ಅಂತ ಅವತ್ತು ಹೇಳಿ ಕಳಿಸಿದ.

"ಅಡ್ವಾನ್ಸ್ ಕೊಟ್ಟ ದಿನ ಮಾಡ್ತೀನಿ," ಅಂತ ಅವಳು ಹೇಳಿ ಕಳಿಸಿದಳು. ಅಡ್ವಾನ್ಸು ತಿರುಗಿ ಕೊಟ್ಟ ಓನರನ್ನು ಆ ಓಣಿಯಲ್ಲಿ ಯಾರೂ ಕಂಡಿಲ್ಲ, ಅವನೂ ಆ ಕೆಟ್ಟ ಹೆಸರು ತೆಗೆದುಕೊಳ್ಳಲು ತಯಾರಿರಲಿಲ್ಲ.

ಕೊನೆಗೆ ಅವನು ಗೇಟಿನ ಒಳಗಿಂದಲೇ ಸಂಧಾನಕ್ಕೆ ಬಂದ.

"ಒಂದ್ ಕೆಲ್ಸ ಮಾಡಮ್ಮ. ನಿಂತ್ಕಳದಾದ್ರೆ ನಿಂತ್ಕ, ನಿನ್ ಕಾಲು. ಹಣೆಗೆ ಒಂದು ಬೊಟ್ಟಾದ್ರೂ ಇಟ್ಕಂಡು ನಿಂತ್ಕ."

"ಬೊಟ್ಟು ಇಟ್ಕೊಂಡು ಬಂದಿದ್ರ ಅವತ್ತು ನೆಲ ಒರಸಾಕ ಬಿಡ್ತಿದ್ರೇನು?"

ಒಳಗಿನಿಂದ ಭಾಗ್ಯಮ್ಮನ ದನಿ ಬಂತು.

"ಕೊಟ್ ಕಳಿಸ್ರಿ ಅತ್ಲಾಗೆ. ಇಡೀ ದಿನ ಮನೇಲಿ ಕುಂತು ಕಾಫಿ ಕಾಫಿ ಅಂತೀರ. ಅವಳ್ ಮುಖ ನೋಡಿದ್ರೆ ನಿಮಗೆ ಕೆಟ್ಟದ್ದೋ ಏನೋ, ನಿಮ್ ಮುಖ ನೋಡ್ತಾ ನೋಡ್ತಾ ನಂಗಂತೂ ಕೆಟ್ಟದಾಗೈತೆ."

"ನೀ ಸುಮ್ಕಿರೆ."

"ಏನ್ ಸುಮ್ಕಿರೋದು. ಕಾಡುಗೋಡಿಯೋರು ಬೆಳಿಗ್ಗೆ ಫೋನ್ ಮಾಡಿದ್ರು. ಇವತ್ತು ಬರ್ದಿದ್ರೆ ಇನ್ನೊಬ್ರಿಗೆ ಕೊಡ್ತಾರಂತೆ. ಕುಂತ್ಕಳಿ, ಇನ್ನೊಂದು ಲೋಟ ನೀರು ಕೊಡ್ತೀನಿ."

ಚಿಕ್ಕಮುನಿಯಪ್ಪ ಗೇಟಿನ ಸರಳು ಹಿಡಿದು ನಿಂತ. ಸರಳಿನ ಆಚೆ ಈಚೆ ಇಬ್ಬರೂ ನಿಂತಿದ್ದರೆ, ಜೈಲಿನಲ್ಲಿ ಇರುವವರು ಯಾರು, ನೋಡಲು ಬಂದವರು ಯಾರು ಅಂತ ಹೇಳುವುದು ಕಷ್ಟವಿತ್ತು.

"ಏನ್ ಮಾಡ್ಬೇಕು ಈಗ?" ಅಂದ.

"ಮೇಡಂಗ ಫೋನ್ ಮಾಡ್ರಿ. ನನ್ನ ಎದುರಿಗೆ."

ಮಾಡಿದ. ಸ್ಪೀಕರ್ ಹಾಕ್ರಿ ಅಂದಳು ದುರ್ಗವ್ವ. ಹಾಕಿದ.

"ಮೇಡಂ, ಆ ಕುಂಬಳಕಾಯಿ ಇಸ್ಯ. ಅದು ನಮ್ ಕಾಯಿ. ಒರೆಸಬ್ಯಾಡ ಅಂದೋನು ನಾನೇ. ಈ ಯಮ್ಮಂದು ಏನೂ ತಪ್ಪಿಲ್ಲ." ಅಷ್ಟು ಹೇಳುವುದಕ್ಕೆ ಅವನ ಹಣೆಯ ಗಂಧ ಬೆವರಿನಲ್ಲಿ ಇಳಿದಿತ್ತು. "ರಿಪೇರಿ ನಾನ್ ಮಾಡಿಸ್ತೀನಿ. ಆದ್ರೆ ನಿಮ್ ರಿಪೋರ್ಟಲ್ಲಿ ಕುಂಬಳಕಾಯಿ ಅಂತ ಹಾಕಬ್ಯಾಡಿ."

"ಹಾಕಿಲ್ಲ ಸಾರ್," ಅಂದಳು ಪ್ರಿಯಾಂಕಾ. "ಆರ್ಗ್ಯಾನಿಕ್ ಮೆಟೀರಿಯಲ್ ಅಂತ ಹಾಕಿದೀನಿ."

"ಆಂ, ಅದೇನೋ ಚೆನ್ನಾಗೈತೆ. ಅದೇ ಇರ್ಲಿ."

ದುರ್ಗವ್ವ ಗೇಟು ತೆಗೆದು ಪಕ್ಕಕ್ಕೆ ಸರಿದಳು. ಅವನು ಕಾಡುಗೋಡಿಗೆ ಹೋದ, ಗುತ್ತಿಗೆ ಸಿಕ್ಕಿತು. ಅಪಶಕುನ ಅಷ್ಟು ದಿನ ಎದುರು ನಿಂತರೂ ಸಿಕ್ಕಿತು. ಅದರ ಬಗ್ಗೆ ಅವನು ಯಾರ ಹತ್ತಿರವೂ ಮಾತಾಡಲಿಲ್ಲ.

ಕಾರು ಅವನ ಷಡ್ಡಕನ ಗ್ಯಾರೇಜಿಗೆ ಹೋಗಿ ದೀಪಾವಳಿಗೆ ಮುಂಚೆ ಬಂತು. ಹೊಸ ಕಣ್ಣು ಹಳೆಯ ಕಣ್ಣಿಗಿಂತ ಬೆಳ್ಳಗಿತ್ತು. ಹೊಸ ಬಿಳಿ ಬಣ್ಣ ಹಳೆಯ ಬಿಳಿ ಬಣ್ಣಕ್ಕೆ ಕೂಡಲಿಲ್ಲ. ದೂರದಿಂದ ನೋಡಿದರೆ ಎರಡು ಕಾರನ್ನು ಹೊಲಿದ ಹಾಗಿತ್ತು. ಏಜೆಂಟು ಸುತ್ತ ಒಂದು ಸಲ ನೋಡಿ, ಓಡುತ್ತಲ್ಲ ಸಾಕು ಅಂದ.

"ವೈನಿ, ಹತ್ತು," ಅಂದ ಬಸಲಿಂಗ. "ಡ್ಯೂಟಿಗೆ ನಾನ ಬಿಡ್ತೀನಿ."

ಆ ಕಟ್ಟಡಕ್ಕೆ ದುರ್ಗವ್ವ ಕಾರಿನಲ್ಲಿ ಹೋಗಿದ್ದು ಅದೇ ಮೊದಲು. ಹಿಂದಿನ ಸೀಟಿನಲ್ಲಿ ಕೂತಳು. ಮುಂದಿನ ಸೀಟು ಗ್ಯಾರೇಜಿನವರು ತೊಳೆದಿದ್ದರು. ಮರೆಪ್ಪನ ತಲೆಯ ಎಣ್ಣೆ ಕಲೆ ಹೋಗಿರಲಿಲ್ಲ, ಅವರು ತೊಳೆಯುವ ರೀತಿ ಹಾಗೆ. ಕೆಲಸ ಸರಿಯಾಗಿ ಮಾಡದವರ ಮೇಲೆ ಜೀವನದಲ್ಲಿ ಮೊದಲ ಸಲ ಅವಳಿಗೆ ಪ್ರೀತಿ ಬಂತು.

ಇಳಿಜಾರು ಇಳಿದರು. ನೆಲ ಒಣಗಿತ್ತು. ಕಂಬದ ಮೇಲೆ ಕಾರಿನ ಬಿಳಿ ಬಣ್ಣ ಒಂದಿಷ್ಟು ಅಂಟಿಕೊಂಡಿತ್ತು.

"ನಿಲ್ಲಸು ಇಲ್ಲಿ," ಅಂದಳು.

"ಇಲ್ಲಿ ನಿಲ್ಲಸಂಗಿಲ್ಲ ವೈನಿ."

"ಗೊತ್ತದ. ನಿಲ್ಲಸು. ನೀ ಹೋಗಿ ಟೀ ಕುಡದು ಬಾ."

ಬಸಲಿಂಗ ಇಳಿದು ಹೋದ. ದುರ್ಗವ್ವ ಗಾಜು ಏರಿಸಿಕೊಂಡು, ಮುಂದಿನ ಸೀಟಿನ ಎಣ್ಣೆ ಕಲೆ ನೋಡುತ್ತ ಕೂತಳು. ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ. ತಣ್ಣಗಿತ್ತು. ಸಾಯಲು ಕೆಟ್ಟ ಜಾಗ ಅಲ್ಲ ಅನ್ನಿಸಿತು.

ಗಾರ್ಡು ಬಂದ. ಅದೇ ಗಾರ್ಡು. ಬೆರಳು ಮಡಿಸಿ ಗಾಜು ತಟ್ಟಿದ.

"ಇಲ್ಲಿ ನಿಲ್ಲಿಸಂಗಿಲ್ಲ, ತೆಗೀರಿ."

ದುರ್ಗವ್ವ ಅಲ್ಲಾಡಲಿಲ್ಲ. ಅವನು ಮತ್ತೆ ತಟ್ಟಿದ. ಅವಳು ಹಾಗೇ ಕೂತಿದ್ದಳು. ಆಗ ಅವನು ಬಗ್ಗಿ, ಎರಡೂ ಕೈ ಗಾಜಿಗೆ ಅಡ್ಡ ಹಿಡಿದು ಒಳಗೆ ನೋಡಿದ. ಮುಖದ ಬಣ್ಣ ಹೋಯಿತು. "ಅಮ್ಮಾ, ಅಮ್ಮಾ," ಅಂತ ಬಾಗಿಲು ಜಗ್ಗಿದ.

ಇದನ್ನು ಹೋದ ವರ್ಷ ಮಾಡಬಹುದಿತ್ತು ಅಂತ ಅವಳು ಅಂದುಕೊಂಡಳು.

ಆಮೇಲೆ ನಿಧಾನಕ್ಕೆ ಗಾಜು ಇಳಿಸಿದಳು.

"ಜೀವ ಅದ ತಮ್ಮ," ಅಂದಳು. "ಬೀಗ ತರಬ್ಯಾಡ. ತೆಗೀತೀವಿ."